ಕೈಯಿರುವ ಕುರ್ಚಿ

ಶಾಲೆಯ ಉಗ್ರಾಣದ ಸಹಾಯಕನಿಗೆ ಸ್ಟೂಲು ಸಾಕು ಎಂದು ಯಾರು ತೀರ್ಮಾನಿಸಿದರೋ ತಿಳಿಯದು. ಸ್ಟೂಲಿಗೆ ಬೆನ್ನಿಲ್ಲ, ಕೈಯಿಲ್ಲ. ಅದರ ಮೇಲೆ ಬಹಳ ಕಾಲ ಕೂತವನಿಗೂ ಕ್ರಮೇಣ ಎರಡೂ ಇಲ್ಲದಂತಾಗುತ್ತದೆ. ಯಾರು ಏನು ಕೇಳಿದರೂ "ಆಗ್ಲಿ" ಎನ್ನುವುದು ರೂಢಿಯಾಗುತ್ತದೆ. ಜಿಲ್ಲೆಯ ಅತಿ ದೊಡ್ಡ ಶಾಲೆಯ ಉಗ್ರಾಣದ ಸಹಾಯಕರನ್ನು ಎಲ್ಲರೂ ಕರೆಯುತ್ತಿದ್ದದ್ದು ಆಗ್ಲಿ ಸಾರ್ ಎಂದೇ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಅದನ್ನು ಕೂಗಿದರೆ ಅವರೇ ತಿರುಗಿ ನೋಡುತ್ತಿರಲಿಲ್ಲ.

ತೊಂದರೆ ಶುರುವಾದದ್ದು ಊಟದ ಹೊತ್ತಿನಲ್ಲಿ. ಹೆಂಡತಿಯ ತಮ್ಮ ಬಂದಿದ್ದ. ಅವನಿಗೊಂದು ಔಷಧಿ ಅಂಗಡಿ. ಅಂಗಡಿಗೆ ಹೊಸದಾಗಿ ತಿರುಗುವ ಕುರ್ಚಿ ಕೊಂಡಿದ್ದ.

"ಒಂದ್ಸಲ ಬಂದು ಕೂತು ನೋಡಿ ಭಾವ. ಗಿರಾಕಿ ಎಡಗಡೆ ಬಂದ್ರೆ ಎಡಕ್ಕೆ, ಬಲಗಡೆ ಬಂದ್ರೆ ಬಲಕ್ಕೆ."

"ಗಿರಾಕಿ ಬರದೇ ಇದ್ರೆ?"

"ಆಗ ಸುಮ್ನೆ ತಿರುಗ್ತಾ ಇರೋದು." ಭಾವಮೈದ ಅನ್ನ ಕಲಸಿದ. "ನಿಮ್ದು ಇನ್ನೂ ಸ್ಟೂಲೇನಾ?"

ಬಡಿಸುತ್ತಿದ್ದ ಹೆಂಡತಿಯ ಸೌಟು ಅರ್ಧದಲ್ಲಿ ನಿಂತಿತು. ಆಗ್ಲಿ ಸಾರ್ ನೀರು ಕುಡಿದು, ಲೋಟ ಕೆಳಗಿಟ್ಟು ಹೇಳಿದರು: "ಈ ಬೇಸಿಗೆ ಕಳೀಲಿ. ಕುರ್ಚಿ ಬರತ್ತೆ. ಕೈ ಇರೋದು."

ಅದು ಪೂರ್ತಿ ಸುಳ್ಳಲ್ಲ. ಮೇಲ್ವಿಚಾರಕರು ನಿವೃತ್ತರಾಗಿದ್ದರು. ಬೀಳ್ಕೊಡುಗೆಯಲ್ಲಿ ಭಾಷಣಗಳ ಭರದಲ್ಲಿ ಅವರು ಕೂತಿದ್ದ ಕುರ್ಚಿಯನ್ನೇ ಅವರಿಗೆ ನೆನಪಿನ ಕಾಣಿಕೆಯಾಗಿ ಕೊಟ್ಟುಬಿಟ್ಟಿದ್ದರು. ಹೀಗೆ ಜಾಗ ಖಾಲಿಯಿತ್ತು, ಕುರ್ಚಿ ಇರಲಿಲ್ಲ. ಜಿಲ್ಲಾ ಕಚೇರಿಯ ಸಾಹೇಬರು ಆಗ್ಲಿ ಸಾರನ್ನು ಕರೆದು ಹೇಳಿದ್ದು ಇಷ್ಟು: "ವರ್ಷದ ಕೊನೆ ಕೆಲಸ ಮುಗಿಸಿ. ಬೇಸಿಗೆ ಸುಧಾರಣಾ ಯೋಜನೆ ನೋಡ್ಕೊಳ್ಳಿ. ಶಾಲೆ ತೆರೆಯೋ ಹೊತ್ತಿಗೆ ನನ್ನ ಹತ್ರ ಒಂದೇ ಒಂದು ದೂರು ಬರಬಾರದು. ಬರದೇ ಇದ್ರೆ ಆ ಜಾಗ ನಿಮಗೆ. ಕುರ್ಚಿನೂ ನೋಡೋಣ."

"ನೋಡೋಣ" ಎಂಬ ಮಾತು ಕಚೇರಿಯಿಂದ ಮನೆಗೆ ಬರುವಷ್ಟರಲ್ಲಿ "ಬರತ್ತೆ" ಆಗಿತ್ತು. ಸಂಜೆಯ ಹೊತ್ತಿಗೆ ಹೆಂಡತಿಯ ಬಾಯಲ್ಲಿ ಅದು "ಬಂದಾಯ್ತು" ಆಯಿತು. ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಗೇಟಿನ ಬಳಿಯೇ ಕಾದಿದ್ದರು.

"ಕುರ್ಚಿ ಬಂತಂತೆ?"

"ಬರೋದಿದೆ ಸಾರ್."

"ಬಂದ ದಿನ ನಾನೇ ಬಂದು ನೋಡ್ತೀನಿ. ಜೀವಮಾನವೆಲ್ಲ ಕುರ್ಚೀಲಿ ಕೂತೋನು ನಾನು. ನೋಡಿದ ಕೂಡ್ಲೇ ಗುಣ ಹೇಳ್ಬಿಡ್ತೀನಿ."

"ಆಗ್ಲಿ," ಎಂದರು ಆಗ್ಲಿ ಸಾರ್.

ವರ್ಷದ ಕೊನೆಯ ಕೆಲಸಗಳು ಸಾವಿನ ಮನೆಯ ಕೆಲಸಗಳ ಹಾಗೆ. ಒಂದಾದ ಮೇಲೊಂದು ಮಾಡುತ್ತ ಹೋಗಬೇಕು, ಯೋಚಿಸಬಾರದು. ಆಗ್ಲಿ ಸಾರ್ ಭೂಪಟಗಳನ್ನು ಸುತ್ತಿ ದಾರ ಕಟ್ಟಿದರು. ಬೀರುಗಳ ಬೀಗದ ಕೈ ಒಪ್ಪಿಸಿಕೊಂಡರು. ಗಡಿಯಾರಗಳ ಸೆಲ್ ತೆಗೆದಿಟ್ಟರು. ಮಕ್ಕಳು ಬಿಟ್ಟುಹೋದ ನೀರಿನ ಬಾಟಲಿ, ಕೊಡೆ, ಒಂಟಿ ಶೂಗಳನ್ನು ಮೂಟೆ ಕಟ್ಟಿದರು. ಒಂಟಿ ಶೂ ಬಿಟ್ಟ ಮಗು ಮನೆಗೆ ಹೇಗೆ ನಡೆದುಕೊಂಡು ಹೋಯಿತು ಎಂಬುದು ಶಿಕ್ಷಣ ಇಲಾಖೆ ಇಂದಿಗೂ ಬಿಡಿಸಲಾಗದ ಲೆಕ್ಕ.

ಆ ಶಾಲೆಯಲ್ಲೊಂದು ಪದ್ಧತಿಯಿತ್ತು. ರಜೆಗೆ ಹೊರಡುವ ಮುನ್ನ ಪ್ರತಿಯೊಬ್ಬ ಮೇಷ್ಟ್ರೂ ತಮ್ಮ ಕುರ್ಚಿಯನ್ನು ಬೋರಲು ಹಾಕಿ, ಅಡಿಯಲ್ಲಿ ಸೀಮೆಸುಣ್ಣದಿಂದ ತಮ್ಮ ಗುರುತು ಬರೆಯಬೇಕು. ಬೇಸಿಗೆಯಲ್ಲಿ ಕೋಣೆಗಳಿಗೆ ಬಣ್ಣ ಹೊಡೆಯುವಾಗ ಕುರ್ಚಿಗಳೆಲ್ಲ ಸಭಾಂಗಣ ಸೇರುತ್ತವೆ. ಕೆಲಸ ಮುಗಿದ ಮೇಲೆ ಗುರುತು ನೋಡಿ ಅವರವರ ಕೋಣೆಗೆ ವಾಪಸು.

ಕುರ್ಚಿಗಳೆಲ್ಲ ಒಬ್ಬನೇ ಬಡಗಿ ಒಂದೇ ಅಳತೆಗೆ ಮಾಡಿದವು. ಹೊರಗಿನವರ ಕಣ್ಣಿಗೆ ಒಂದೇ ತಾಯಿಯ ಮಕ್ಕಳು. ಆದರೆ ಕೂತವರಿಗೆ ಹಾಗಲ್ಲ. ಲೆಕ್ಕದ ಮೇಷ್ಟ್ರಿಗೆ ಬೆನ್ನುನೋವು, ಅವರ ಕುರ್ಚಿ ಬೇಕಾದಷ್ಟೇ ಹಿಂದಕ್ಕೆ ಬಾಗುತ್ತಿತ್ತು. ವಿಜ್ಞಾನದ ಮೇಡಂ ತಮ್ಮ ಕುರ್ಚಿಯ ಮೊಳೆ ಎಲ್ಲಿದೆ ಎಂದು ಬಲ್ಲವರಾಗಿ, ಅದನ್ನು ತಪ್ಪಿಸಿ ಕೂರುವುದನ್ನು ಸಾಧಿಸಿಕೊಂಡಿದ್ದರು. ಬೇರೆ ಕುರ್ಚಿಯ ಮೊಳೆಯ ಪರಿಚಯ ಅವರಿಗೆ ಬೇಕಿರಲಿಲ್ಲ. ಭಾಷೆಯ ಮೇಡಂ ಮಧ್ಯಾಹ್ನದ ಪಾಠದಲ್ಲಿ ಬೀಳದೆ ನಿದ್ದೆ ಮಾಡಬಲ್ಲ ಕುರ್ಚಿ ಪ್ರಪಂಚದಲ್ಲಿ ಒಂದೇ ಒಂದಿತ್ತು. ಡ್ರಿಲ್ ಮೇಷ್ಟ್ರು ಕೂತದ್ದನ್ನು ಯಾರೂ ಕಂಡಿರಲಿಲ್ಲ. ಆದರೂ ಅವರ ಟೋಪಿ ಜಾರದೆ ನಿಲ್ಲುತ್ತಿದ್ದದ್ದು ಅವರ ಕುರ್ಚಿಯ ಮೇಲೆ ಮಾತ್ರ.

ಡ್ರಾಯಿಂಗ್ ಮೇಷ್ಟ್ರ ಕುರ್ಚಿಯನ್ನು ಈ ವರ್ಷ ಯಾರೂ ಬೋರಲು ಹಾಕಲಿಲ್ಲ. ಪರೀಕ್ಷೆಗೆ ಮುಂಚೆಯೇ ಅವರು ತೀರಿಕೊಂಡಿದ್ದರು. ಕೂಲಿಯವರು ಅದನ್ನೂ ಉಳಿದವುಗಳ ಜೊತೆ ಹೊತ್ತು ತಂದರು.

ಸುಧಾರಣಾ ಯೋಜನೆಯಲ್ಲಿ "ಪೀಠೋಪಕರಣಗಳ ಸಂಪೂರ್ಣ ಶುದ್ಧೀಕರಣ" ಎಂದಿತ್ತು. ಹಿಂದಿನ ಮೇಲ್ವಿಚಾರಕರು ಪ್ರತಿ ವರ್ಷ ಇದನ್ನು ಒಂದು ಬಟ್ಟೆಯ ಚೂರಿನಲ್ಲಿ ಮುಗಿಸುತ್ತಿದ್ದರು. ಆಗ್ಲಿ ಸಾರ್‌ಗೆ ಕುರ್ಚಿ ಬೇಕಿತ್ತು. ಅವರು ಸಂಪೂರ್ಣ ಎಂಬ ಮಾತನ್ನು ನಂಬಿದರು. ಸೋಪಿನ ನೀರು ತರಿಸಿದರು, ಪಾಲಿಶ್ ತರಿಸಿದರು.

"ಸಾರ್, ಅಡೀಲೂ ತೊಳೆದು ಪಾಲಿಶ್ ಹೊಡೆದ್ಬಿಡೋದಾ?" ಎಂದು ಕೂಲಿಯವನು ಕೇಳಿದ.

"ಆಗ್ಲಿ."

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ. ಆದರೆ ಇರುವೆ ಕಚ್ಚಲು ಸ್ವಲ್ಪ ಸಮಯ ಬೇಕು. ಅಲ್ಲಿಯವರೆಗೆ ಆಗ್ಲಿ ಸಾರ್ ಸಂತೋಷವಾಗಿದ್ದರು. ಸಾಲು ಸಾಲು ಕುರ್ಚಿಗಳು ಬಿಸಿಲಿನಲ್ಲಿ ಹೊಳೆಯುವುದನ್ನು ನೋಡುತ್ತ, ಇವುಗಳ ತಮ್ಮನೊಬ್ಬ ತಮ್ಮ ಪಾಲಿಗೆ ಬರುವ ದಿನವನ್ನು ಕಾಣುತ್ತಿದ್ದರು.

ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಬಣ್ಣದ ಕೆಲಸ ನೋಡಲು ಬಂದ ಅವರು ಕುರ್ಚಿಗಳನ್ನು ಕಂಡು ಹಿಗ್ಗಿದರು.

"ಫಳಫಳ ಅಂತಿದೆಯಲ್ರೀ!"

"ಅಡೀಲೂ ಹಂಗೇ ಇದೆ ಮೇಡಂ. ನೋಡಿ ಬೇಕಾದ್ರೆ."

ದೊಡ್ಡ ಮೇಡಂ ಒಂದು ಕುರ್ಚಿಯನ್ನು ಬೋರಲು ಹಾಕಿ ನೋಡಿದರು. ಇನ್ನೊಂದನ್ನು ನೋಡಿದರು. ಮತ್ತೊಂದನ್ನು ಮುಟ್ಟಲಿಲ್ಲ.

"ಗುರುತುಗಳು ಎಲ್ರೀ?"

ಆಗ್ಲಿ ಸಾರ್‌ಗೆ ಗುರುತಿನ ಪದ್ಧತಿ ಗೊತ್ತಿದ್ದದ್ದೇ. ಆದರೆ ಗೊತ್ತಿರುವುದು ಬೇಕಾದ ಹೊತ್ತಿಗೆ ನೆನಪಾಗಬೇಕೆಂದು ಯಾವ ನಿಯಮವೂ ಇಲ್ಲ.

"ಅಯ್ಯೋ," ಎಂದರು. ಆ ಶಾಲೆಯಲ್ಲಿ ಕೇಳಿದ್ದಕ್ಕೆ ಅವರು "ಆಗ್ಲಿ" ಬಿಟ್ಟು ಬೇರೆ ಉತ್ತರ ಕೊಟ್ಟಿದ್ದು ಅದೇ ಮೊದಲು ಎಂದು ದೊಡ್ಡ ಮೇಡಂ ಆಮೇಲೆ ಹೇಳುತ್ತಿದ್ದರು.

"ಅಯ್ಯೋ ಅಂದ್ರೆ ಆಯ್ತಾ? ಹೋದ್ಸಲ ಎರಡು ಕುರ್ಚಿ ಅದಲುಬದಲಾಗಿದ್ದಕ್ಕೇ ಲೆಕ್ಕದ ಮೇಷ್ಟ್ರೂ ಭಾಷೆ ಮೇಡಮ್ಮೂ ಅರ್ಧ ವರ್ಷ ಮಾತು ಬಿಟ್ಟಿದ್ರು. ಈ ಸಲ ಅಷ್ಟೂ ಹೋಗಿದೆ. ಶಾಲೆ ತೆರೆದ ದಿನವೇ ಸಾಹೇಬ್ರಿಗೆ ದೂರು ಹೋಗತ್ತೆ ನೋಡ್ತಿರಿ. ಒಂದಲ್ಲ, ಕಟ್ಟು ಕಟ್ಟು."

ಆಗ್ಲಿ ಸಾರ್ ಅಲ್ಲೇ ಇದ್ದ ಕುರ್ಚಿಯಲ್ಲಿ ಕುಸಿಯಲು ಹೋಗಿ, ಅದು ಯಾರದ್ದೋ ಎಂದು ನೆನಪಾಗಿ ನೆಲದ ಮೇಲೆ ಕೂತರು.

ದೊಡ್ಡ ಮೇಡಂ ಗಟ್ಟಿ ಮನುಷ್ಯರು. ಸ್ವಲ್ಪ ಯೋಚಿಸಿ ಹೇಳಿದರು: "ಏಳ್ರೀ. ಕಣ್ಣಿಗೆ ಗೊತ್ತಾಗದಿದ್ರೆ ಸೊಂಟಕ್ಕೆ ಗೊತ್ತಾಗತ್ತೆ. ಎಲ್ಲರನ್ನೂ ಕರೀರಿ. ಕೂತು ಕೂತು ಅವರವರದ್ದು ಅವರೇ ಹುಡುಕ್ಕೊಳ್ಳಲಿ."

ಮರುದಿನ ಬೆಳಿಗ್ಗೆ ಮೇಷ್ಟ್ರುಗಳೆಲ್ಲ ಬಂದರು. ರಜೆಯಲ್ಲಿ ಕರೆದರೆ ಸಂಬಳದ ವಿಚಾರಕ್ಕೂ ಬಾರದವರು, ಕುರ್ಚಿ ಎಂದ ಕೂಡಲೇ ಬಂದರು. ಸಭಾಂಗಣದ ಬಣ್ಣ ಇನ್ನೂ ಹಸಿಯಿತ್ತು. ಆದ್ದರಿಂದ ಮೈದಾನದಲ್ಲಿ, ಗೇಟಿಗೆ ಎದುರಾಗಿ ಕುರ್ಚಿಗಳನ್ನು ಸಾಲಾಗಿ ಇಡಲಾಯಿತು. ವ್ಯವಸ್ಥೆ ಡ್ರಿಲ್ ಮೇಷ್ಟ್ರದ್ದು. ಎಲ್ಲರೂ ಕೂರಬೇಕು. ಕಣ್ಣು ಮುಚ್ಚಬೇಕು. ಸೀಟಿ ಊದಿದಾಗ ಎದ್ದು ಪಕ್ಕದ ಕುರ್ಚಿಗೆ ಹೋಗಬೇಕು. ತಮ್ಮದು ಸಿಕ್ಕಿದವರು ಕೈಯೆತ್ತಬೇಕು.

"ಮಾತು ಬೇಡ!" ಎಂದು ಡ್ರಿಲ್ ಮೇಷ್ಟ್ರು ಅಬ್ಬರಿಸಿದರು. "ಮನಸ್ಸು ಪೂರ್ತಿ ಕೆಳಗಿರ್ಲಿ!"

ಲೆಕ್ಕದ ಮೇಷ್ಟ್ರು ಒಂದರಲ್ಲಿ ಕೂತು ಹಿಂದಕ್ಕೆ ಒರಗಿದರು. "ಇದೇ ಇರ್ಬೇಕು. ಅಲ್ಲ. ತೊಂಬತ್ತು ಪಾಲು ಇದೇ."

"ಅದು ನಂದು," ಎಂದರು ಪಕ್ಕದ ಭಾಷೆಯ ಮೇಡಂ, ಕಣ್ಣು ತೆರೆಯದೆ.

"ಕೂರದೇನೇ ಹೆಂಗೆ ಗೊತ್ತಾಯ್ತು?"

"ಅದರ ಕಿರ್ ಅನ್ನೋ ಸದ್ದಿಗೆ ನಂಗೆ ಆಕಳಿಕೆ ಬಂತು."

ಇದಕ್ಕಿಂತ ದೊಡ್ಡ ಪುರಾವೆ ಯಾವ ನ್ಯಾಯಾಲಯದಲ್ಲೂ ಸಿಗುವುದಿಲ್ಲ. ಲೆಕ್ಕದ ಮೇಷ್ಟ್ರು ಎದ್ದುಕೊಟ್ಟರು. ಅಷ್ಟರಲ್ಲಿ ಸಾಲಿನ ಕೊನೆಯಿಂದ ವಿಜ್ಞಾನದ ಮೇಡಂ "ಅಮ್ಮಾ!" ಎಂದು ಚೀರಿ, ನಗುತ್ತ ಕೈಯೆತ್ತಿದರು. ಅವರ ಮೊಳೆ ಸಿಕ್ಕಿತ್ತು.

ಸಾಲಿನ ನಡುವೆ ಒಂದು ಕುರ್ಚಿಯ ಮುಂಗಾಲು ಗಿಡ್ಡ. ಕೂತವರು ಸ್ವಲ್ಪ ಅಲುಗಿದರೂ ಅದು ಮುಂದಕ್ಕೆ ಓಲುತ್ತಿತ್ತು, ಕೂತವರ ತಲೆ ತಾನಾಗಿ ಹೂಂಗುಟ್ಟುತ್ತಿತ್ತು. ಅದರಲ್ಲಿ ಕೂತ ಪ್ರತಿಯೊಬ್ಬರೂ ಒಮ್ಮೆ ತಲೆಯಾಡಿಸಿ, ಯಾರದ್ದೆಂದು ತಿಳಿದು, ಸೀಟಿಗೆ ಕಾಯದೆ ಎದ್ದರು. ಏಳುವಾಗ ಅದರ ಬೆನ್ನನ್ನು ಮೆಲ್ಲಗೆ ಮುಟ್ಟಿದರು. ಡ್ರಿಲ್ ಮೇಷ್ಟ್ರು ಆ ಒಂದು ತಪ್ಪಿಗೆ ಯಾರನ್ನೂ ಗದರಲಿಲ್ಲ.

ಇದೇ ಹೊತ್ತಿಗೆ ಪೋಸ್ಟ್‌ಮಾಸ್ಟರು ಕುರ್ಚಿ ನೋಡಲು ಬಂದರು. ಆಗ್ಲಿ ಸಾರ್ ಬೆಳಿಗ್ಗೆ ಮನೆ ಬಿಡುವಾಗ ಗೇಟಿನ ಬಳಿ "ಇವತ್ತು ಕುರ್ಚಿ ವಿಚಾರ ಎಲ್ಲಾ ತೀರ್ಮಾನ" ಎಂದಿದ್ದರು. ಅಷ್ಟು ಸಾಕಾಗಿತ್ತು.

ಪೋಸ್ಟ್‌ಮಾಸ್ಟರು ಗೇಟಿನಲ್ಲೇ ನಿಂತರು. ಬಿಸಿಲಿನಲ್ಲಿ ಮೇಷ್ಟ್ರುಗಳ ಸಾಲು. ಎಲ್ಲರ ಕಣ್ಣೂ ಮುಚ್ಚಿದೆ. ಮಾತಿಲ್ಲ, ಕತೆಯಿಲ್ಲ. ಅವರು ಹತ್ತಿರದಲ್ಲಿದ್ದ ಭಾಷೆಯ ಮೇಡಂ ಕಡೆ ಬಾಗಿ "ಏನಮ್ಮಾ ಇದೆಲ್ಲಾ?" ಎಂದು ಕೇಳಿದರು. ಉತ್ತರ ಬರಲಿಲ್ಲ. ಭಾಷೆಯ ಮೇಡಂಗೆ ಅವರ ಕುರ್ಚಿ ಸಿಕ್ಕಿಯಾಗಿತ್ತು. ಅವರು ನಿದ್ದೆ ಹೋಗಿದ್ದರು.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ಪೋಸ್ಟ್‌ಮಾಸ್ಟರು ಜೀವಮಾನವೆಲ್ಲ ಬೇರೆಯವರ ಸುದ್ದಿಯನ್ನು ಬೇಗ ಮುಟ್ಟಿಸುವ ಕೆಲಸ ಮಾಡಿದವರು. ಪರಾಂಬರಿಸುವುದು ಅವರ ಇಲಾಖೆಗೆ ಸೇರಿರಲಿಲ್ಲ. ಎದುರಿನ ಅಂಗಡಿಯಿಂದಲೇ ಜಿಲ್ಲಾ ಕಚೇರಿಗೆ ಫೋನು ಮಾಡಿದರು.

"ಸಾಹೇಬ್ರೇ, ನಿಮ್ಮ ಮೇಷ್ಟ್ರುಗಳು ಮುಷ್ಕರ ಕೂತ್ಬಿಟ್ಟಿದ್ದಾರೆ. ಮೌನ ಮುಷ್ಕರ. ಒಬ್ಬರಂತೂ ಎಚ್ಚರ ತಪ್ಪಿದ್ದಾರೆ, ಕರೆದ್ರೂ ಕಣ್ಣು ಬಿಡ್ತಿಲ್ಲ. ಸೀಟಿ ಊದಿದ ಕೂಡ್ಲೇ ಒಬ್ಬರ ಜಾಗಕ್ಕೆ ಒಬ್ಬರು ಬರ್ತಾರೆ. ನೋಡಿದ್ರೆ ಸರದಿ ಉಪವಾಸ ಇದ್ದಂಗಿದೆ."

ಸಾಹೇಬರ ಕಾರು ಬರುವಷ್ಟರಲ್ಲಿ ಬೇಲಿಯ ಆಚೆ ಜನ ಸೇರಿದ್ದರು. ಯಾರೋ ಒಬ್ಬರು ನಿಂಬೆ ಶರಬತ್ತಿನ ಗಾಡಿಯನ್ನೇ ತಂದಿದ್ದರು, ಉಪವಾಸ ಮುರಿಯುವಾಗ ಬೇಕಾಗುತ್ತದೆಂದು. ಔಷಧಿ ಅಂಗಡಿಯ ಭಾವಮೈದ ಗ್ಲೂಕೋಸ್ ಪೊಟ್ಟಣಗಳೊಂದಿಗೆ ಹಾಜರಿದ್ದ. ಅವನ ಪಕ್ಕದಲ್ಲಿ ಅವನ ಅಕ್ಕ, ಅಂದರೆ ಆಗ್ಲಿ ಸಾರ್ ಹೆಂಡತಿ, ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು.

"ಎಲ್ಲಾ ಭಾವನ ಕುರ್ಚಿಗೋಸ್ಕರ ಕೂತಿದ್ದಾರಂತೆ ಅಕ್ಕ."

"ಇವರಿಗೋಸ್ಕರ ಇಷ್ಟು ಜನಾನಾ?" ಎಂದರು ಆಕೆ. ಮದುವೆಯಾದ ಮೇಲೆ ಗಂಡನನ್ನು ಅಷ್ಟು ದೂರದಿಂದ, ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಸಾಹೇಬರು ಸಾಧು ಸ್ವಭಾವದವರು. ಅವರಿಗೆ ಜಗತ್ತಿನಲ್ಲಿ ಹೆದರಿಕೆಯಿದ್ದದ್ದು ಎರಡಕ್ಕೆ: ಮುಷ್ಕರ ಮತ್ತು ಅದನ್ನು ನೋಡಲು ನಿಂತ ಜನ. ದೊಡ್ಡ ಮೇಡಂ ಓಡಿ ಬಂದು "ಸಾರ್, ಇದು ಮುಷ್ಕರ ಅಲ್ಲ, ಕುರ್ಚಿ..." ಎನ್ನುವಷ್ಟರಲ್ಲಿ ಕೈಯೆತ್ತಿ ತಡೆದರು.

"ಎಲ್ಲಾ ಗೊತ್ತಾಯ್ತು. ಜನರ ಎದುರು ಬೇಡ. ಕೂತು ಮಾತಾಡೋಣ. ಒಂದು ಕುರ್ಚಿ ತನ್ನಿ."

ಕುರ್ಚಿ ತರುವುದು ಆಗ್ಲಿ ಸಾರ್ ಕೆಲಸ. ಎಲ್ಲ ಕುರ್ಚಿಗೂ ಅದರ ಒಡೆಯರು ಸಿಕ್ಕಿ ಗಟ್ಟಿಯಾಗಿ ಅಂಟಿಕೊಂಡಿದ್ದರು. ಡ್ರಿಲ್ ಮೇಷ್ಟ್ರ ಕುರ್ಚಿಯ ಮೇಲೆ ಟೋಪಿ ಕೂತಿತ್ತು. ಖಾಲಿಯಿದ್ದದ್ದು ಒಂದೇ. ಆಗ್ಲಿ ಸಾರ್ ಆ ಕಡೆ ಈ ಕಡೆ ನೋಡಿ, ಅದನ್ನೇ ತಂದಿಟ್ಟರು.

ಸಾಹೇಬರು ಕೂತರು. "ಏನು ನಿಮ್ಮ ಬೇಡಿಕೆ?"

ಮೇಷ್ಟ್ರುಗಳು ಒಬ್ಬರ ಮುಖ ಒಬ್ಬರು ನೋಡಿದರು. ಅವರಿಗೆ ಯಾವ ಬೇಡಿಕೆಯೂ ಇರಲಿಲ್ಲ. ಆದರೆ ಮೇಷ್ಟ್ರುಗಳಾದ್ದರಿಂದ, ಪ್ರಶ್ನೆ ಕೇಳಿದ ಮೇಲೆ ಉತ್ತರ ಖಾಲಿ ಬಿಡಬಾರದೆಂದು ತಿಳಿದಿತ್ತು. ವಿಜ್ಞಾನದ ಮೇಡಂ ಎದ್ದರು.

"ಪ್ರಯೋಗಾಲಯದ ನಲ್ಲೀಲಿ ನೀರು ಬರಲ್ಲ ಸಾರ್. ನೀರಿನ ಪಾಠಾನ ಗಾಳೀಲಿ ಮಾಡ್ತಿದ್ದೀನಿ."

ಈ ವರ್ಷ ಆಗುವುದಿಲ್ಲ ಎನ್ನಲು ಸಾಹೇಬರು ಮುಂದಕ್ಕೆ ಬಾಗಿದರು. ಕುರ್ಚಿ ಓಲಿತು. ಸಾಹೇಬರ ತಲೆ ಗಂಭೀರವಾಗಿ ಮೇಲೆ ಕೆಳಗೆ ಆಡಿತು.

ಬೇಲಿಯ ಆಚೆ ಚಪ್ಪಾಳೆ ಬಿತ್ತು. "ಒಪ್ಪಿದ್ರು! ನಾನೇ ಕಣ್ಣಾರೆ ನೋಡ್ದೆ!" ಎಂದರು ಪೋಸ್ಟ್‌ಮಾಸ್ಟರು.

"ನನ್ನ ತರಗತೀಲಿ ಮಾಡು ಸೋರತ್ತೆ," ಎಂದು ಲೆಕ್ಕದ ಮೇಷ್ಟ್ರು ತಡಮಾಡದೆ ಎದ್ದರು. "ಮಳೆಗಾಲದಲ್ಲಿ ಬಕೆಟ್ಟಿಗೆ ಬೀಳೋ ಹನೀನೇ ಮಕ್ಕಳು ಎಣಿಸ್ತಾರೆ. ನಾನು ಹೇಳಿಕೊಟ್ಟಿದ್ದು ಎಣಿಸಲ್ಲ."

ಸಾಹೇಬರು ಬೆಚ್ಚಿ, ಇಲ್ಲವೇ ಇಲ್ಲ ಎಂದು ತಲೆಯನ್ನು ಅಡ್ಡಡ್ಡ ಆಡಿಸಲು ಹೋದರು. ಕುರ್ಚಿಗೆ ಅಡ್ಡಡ್ಡ ಎಂಬುದೇ ತಿಳಿಯದು. ಅದು ಮೊದಲಿಗಿಂತ ಜೋರಾಗಿ ಎರಡು ಸಲ ಒಪ್ಪಿಕೊಂಡಿತು. ಚಪ್ಪಾಳೆ ನಿಲ್ಲಲಿಲ್ಲ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕ ಬಂತು. ಮೈದಾನಕ್ಕೆ ನೆರಳು ಬಂತು. ಗದ್ದಲಕ್ಕೆ ಎಚ್ಚರಗೊಂಡ ಭಾಷೆಯ ಮೇಡಂ, ಏನು ನಡೆಯುತ್ತಿದೆಯೆಂದು ಕೇಳದೆ, ಗ್ರಂಥಾಲಯಕ್ಕೆ ಎರಡು ಬೀರು ತೆಗೆದುಕೊಂಡರು.

ಸಾಹೇಬರು ಕೊನೆಗೆ ಕುರ್ಚಿಯ ಕೈಗಳನ್ನು ಹಿಡಿದು, ದೋಣಿಯಿಂದ ಇಳಿಯುವವರಂತೆ ಮೇಲೆದ್ದರು.

"ಈ ಕುರ್ಚಿ ತಂದೋರು ಯಾರು?"

ಆಗ್ಲಿ ಸಾರ್ ಮುಂದೆ ಬಂದರು. "ನಾನೇ ಸಾರ್."

"ದೂರು ಬರಬಾರದು ಅಂದಿದ್ದೆ ನಾನು."

"ಹೌದು ಸಾರ್."

"ಊರಿಗೆ ಊರೇ ಬಂದಿದೆ ಇಲ್ಲಿ!"

ಆಗ್ಲಿ ಸಾರ್ ಬೇಲಿಯ ಕಡೆ ನೋಡಲಿಲ್ಲ. ಅಲ್ಲಿ ಹೆಂಡತಿ ಇದ್ದಾಳೆಂದು ಅವರಿಗೆ ಗೊತ್ತಿತ್ತು. ಅಷ್ಟರಲ್ಲಿ ಪೋಸ್ಟ್‌ಮಾಸ್ಟರು ಬೇಲಿ ದಾಟಿ ಬಂದು ಸಾಹೇಬರ ಕೈ ಹಿಡಿದರು. "ದೂರು ಯಾರದ್ದು ಸ್ವಾಮಿ? ನಾವು ಬಂದಿರೋದು ನಿಮ್ಮನ್ನ ಹೊಗಳೋಕೆ! ಇಂಥ ಅಧಿಕಾರೀನ ನಾನು ಕಂಡಿಲ್ಲ. ಕೇಳಿದ್ದಕ್ಕೆಲ್ಲ ಹೂಂ ಅಂದ್ರಿ." ಹಿಂದೆಯೇ ಶರಬತ್ತಿನವನು ಲೋಟ ಹಿಡಿದು ಬಂದ. ಸಾಹೇಬರು ಕುಡಿದರು. ಉಪವಾಸ ಯಾರದ್ದೆಂದು ಯಾರೂ ವಿಚಾರಿಸಲಿಲ್ಲ.

ಹೊಗಳಿಕೆಯನ್ನು ವಾಪಸು ಕೊಡುವುದು ಕಷ್ಟ. ಸಾಹೇಬರು ಖಾಲಿ ಲೋಟವನ್ನೇ ನೋಡುತ್ತ ನಿಂತರು. "ದೂರಿದ್ದೋರು ಕೈಯೆತ್ತಿ," ಎಂದು ಕೊನೆಗೆ ಮೇಷ್ಟ್ರುಗಳನ್ನು ಕೇಳಿದರು. ಯಾವ ಕೈಯೂ ಏಳಲಿಲ್ಲ. ಎಲ್ಲ ಕೈಗಳೂ ಅವರವರ ಕುರ್ಚಿಯ ಕೈಗಳ ಮೇಲಿದ್ದವು.

"ಹಂಗಿದ್ರೆ ಈ ನಲ್ಲಿ, ಮಾಡು, ಬೀರು, ಎಲ್ಲಾ ಈ ಬೇಸಿಗೇಲೇ ಆಗ್ಬೇಕು. ಮೇಲ್ವಿಚಾರಣೆ ನಿಮ್ದೇ. ಆಗತ್ತೇನ್ರೀ?"

"ಆಗ್ಲಿ ಸಾರ್."

"ಕುರ್ಚಿ ನೋಡೋಣ ಅಂದಿದ್ನಲ್ಲ, ಇದನ್ನೇ ಇಟ್ಕೊಳ್ಳಿ. ನನ್ನ ಕಣ್ಣಿಗೆ ಮತ್ತೆ ಬೀಳಬಾರದು."

ಕಾರು ಹೋಯಿತು. ಆಗ್ಲಿ ಸಾರ್ ಕುರ್ಚಿಯ ಮುಂದೆ ನಿಂತರು. ಮೇಷ್ಟ್ರುಗಳೂ ನಿಂತರು. ಕೂರಲೇ ಎಂದು ಆಗ್ಲಿ ಸಾರ್ ಬಾಯಿಬಿಟ್ಟು ಕೇಳಲಿಲ್ಲ. ಎಷ್ಟೋ ಸಲ ಅವರು ಬಡಗಿಯನ್ನು ಕರೆಸಿ ಆ ಕಾಲು ಸರಿಮಾಡಿಸಲೇ ಎಂದು ಡ್ರಾಯಿಂಗ್ ಮೇಷ್ಟ್ರನ್ನು ಕೇಳಿದ್ದರು. "ಬೇಡಪ್ಪ," ಎನ್ನುತ್ತಿದ್ದರು ಅವರು. "ಮಕ್ಕಳು ಚಿತ್ರ ತಂದು ತೋರಿಸ್ತಾರೆ. ಕುರ್ಚಿನೇ ಚೆನ್ನಾಗಿದೆ ಅಂದ್ಮೇಲೆ ನಾನ್ಯಾರು ಇಲ್ಲ ಅನ್ನೋಕೆ?"

ಭಾಷೆಯ ಮೇಡಂ ಹೇಳಿದರು: "ಕೂತ್ಕೊಳ್ಳಿ ಸಾರ್. ಯಾರಾದ್ರೂ ಕೂತ್ಕೋಬೇಕಲ್ಲ."

ಅವರು ಕೂತರು.

ಆ ಬೇಸಿಗೆಯಲ್ಲಿ ನಲ್ಲಿಗೆ ನೀರು ಬಂತು. ಮಾಡಿಗೆ ಹೊಸ ಹೆಂಚು ಬಂತು. ಉಗ್ರಾಣದ ಕುರ್ಚಿ ನೋಡಲು ಭಾವಮೈದನೂ ಅಕ್ಕನ ಜೊತೆ ಬಂದ. ಭಾವ ಎದ್ದ ಕೂಡಲೇ ತಾನು ಕೂತು, "ಚೆನ್ನಾಗೇನೋ ಇದೆ. ಆದ್ರೂ ನನ್ನ ತಿರುಗೋ ಕುರ್ಚಿಗಿಂತ ಇದು ಮೇಲು ಅಂತೀಯಾ ಅಕ್ಕ?" ಎಂದು ಅವಳತ್ತ ಬಾಗಿದ.

"ನಾನ್ಯಾಕೆ ಅನ್ಲಿ? ನೀನೇ ಹೂಂ ಅಂತಿದ್ಯಲ್ಲೋ," ಎಂದಳು ಅಕ್ಕ.

ಶಾಲೆ ತೆರೆಯಿತು. ಮೊದಲ ದಿನ ಆಗ್ಲಿ ಸಾರ್ ಗಡಿಯಾರಗಳಿಗೆ ಸೆಲ್ ಹಾಕಿ, ಬಡಗಿಗೆ ಕೊಡಬೇಕಾದ ಮುರುಕು ಬೆಂಚುಗಳನ್ನು ಬೇರ್ಪಡಿಸಿದರು. ತಮ್ಮ ಕುರ್ಚಿಯನ್ನೂ ಒಮ್ಮೆ ಆ ಗುಂಪಿನತ್ತ ಎಳೆದರು. ಮತ್ತೆ ಮೇಜಿನ ಬಳಿಗೇ ಎಳೆದುಕೊಂಡು ಕೂತರು.

ಬಾಗಿಲಲ್ಲಿ ಒಂದು ಪುಟ್ಟ ಹುಡುಗಿ ನಿಂತಿದ್ದಳು. ಕೈಯಲ್ಲಿ ಸುರುಳಿ ಸುತ್ತಿದ ಕಾಗದ. "ಡ್ರಾಯಿಂಗ್ ಕೋಣೆಗೆ ಬೀಗ ಹಾಕಿದೆ. ಆ ಕುರ್ಚಿ ಇಲ್ಲಿದೆ ಅಂದ್ರು," ಎಂದಳು. "ರಜೇಲಿ ಬರ್ದಿದ್ದು."

ಆಗ್ಲಿ ಸಾರ್ ಕಾಗದ ತೆಗೆದುಕೊಂಡು ಬಿಡಿಸಿದರು. ಅದು ಕುದುರೆಯೋ ಬಸ್ಸೋ ತಿಳಿಯಲಿಲ್ಲ. ಬಾಲವಿತ್ತು, ಚಕ್ರಗಳೂ ಇದ್ದವು. ಸರಿಯಾಗಿ ನೋಡೋಣವೆಂದು ಅವರು ಸ್ವಲ್ಪ ಮುಂದಕ್ಕೆ ಬಾಗಿದರು.

ಹುಡುಗಿಯ ಮುಖ ಅರಳಿತು. "ಇನ್ನೊಂದು ಬರ್ಕೊಂಡು ಬರ್ತೀನಿ," ಎಂದು ಓಡಿಹೋದಳು.

"ಆಗ್ಲಿ," ಎಂದರು ಅವರು, ಕುರ್ಚಿ ಹೇಳಿದ ಮೇಲೆ.